ಕರಡಿ ಸ್ಪ್ರೇ ಇದ್ದರೆ ಗನ್ ಬೇಕಾ? ಕೌಂಟರ್ ಅಸಾಲ್ಟ್ 230 ಗ್ರಾಂ ಡಬ್ಬಿಯ ಬಗ್ಗೆ

ಅಮೆರಿಕದ ಮೊಂಟಾನಾ, ವಯೋಮಿಂಗ್ ಕಡೆ ವಾರಗಟ್ಟಲೆ ನಡೆಯಲು ಹೊರಟವರಿಗೆ ಊರಿಂದ ಬರುವ ಮೊದಲ ಪ್ರಶ್ನೆಯೇ ಇದು: ಅಲ್ಲಿ ಕರಡಿ ಇದೆಯಂತೆ, ಗನ್ ಇಟ್ಟುಕೊಂಡಿದ್ದೀಯಾ? ಇಲ್ಲ, ಬೇಡ. ಸೊಂಟದ ಬೆಲ್ಟಿಗೆ ಒಂದು ಕರಡಿ ಸ್ಪ್ರೇ ಡಬ್ಬಿ ಸಾಕು. ನಾನು ಬಳಸುತ್ತಿರುವುದು ಕೌಂಟರ್ ಅಸಾಲ್ಟ್ ಕಂಪನಿಯ 8.1 ಔನ್ಸಿನದು, ಅಂದರೆ ಒಳಗೆ 230 ಗ್ರಾಂ ಖಾರದ ದ್ರವ. ಬೆಲೆ ಅಂಗಡಿ ನೋಡಿಕೊಂಡು 40ರಿಂದ 50 ಡಾಲರ್. ದುಬಾರಿ ಅನಿಸಬಹುದು, ಆದರೆ ಕೊಡಬಹುದು.

ನಮ್ಮದು ಮಲೆನಾಡು. ಬೆಳೆ ಕಾಯಲು ಲೈಸೆನ್ಸ್ ಇರುವ ಕೋವಿ ಮನೆಯಲ್ಲೇ ಇತ್ತು, ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಕೊಟ್ಟು ಬರುವುದು, ಮುಗಿದ ಮೇಲೆ ತರುವುದು, ಇದೆಲ್ಲ ನೋಡಿಕೊಂಡೇ ಬೆಳೆದವನು ನಾನು. ಹಾಗಾಗಿ ಕೋವಿ ಕಂಡರೆ ಹೆದರಿಕೆ ಅಂತ ಈ ಮಾತು ಹೇಳುತ್ತಿಲ್ಲ. ಗ್ರಿಜ್ಲಿ, ಅಂದರೆ ಅಲ್ಲಿನ ಕಂದು ಕರಡಿ, ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. 50 ಮೀಟರ್ ದೂರದಲ್ಲಿ ಪೊದೆಯಿಂದ ಎದ್ದರೆ ನಿಮ್ಮ ಹತ್ತಿರ ಇರುವುದು ಮೂರು ಚಿಲ್ಲರೆ ಸೆಕೆಂಡು. ಅಷ್ಟರಲ್ಲಿ ಪಿಸ್ತೂಲು ತೆಗೆದು, ಕೈ ನಡುಗುತ್ತಿರುವಾಗ, ಮೇಲೆ ಕೆಳಗೆ ಆಡುತ್ತಾ ಬರುವ ತಲೆಗೆ ಗುರಿ ಇಡಬೇಕು. ವರ್ಷಗಟ್ಟಲೆ ಅಭ್ಯಾಸ ಇದ್ದವರಿಗೇ ಕಷ್ಟ. ಗುಂಡು ತಗುಲಿಯೂ ಸಾಯದ ಕರಡಿ ಇನ್ನೂ ಅಪಾಯ, ಅಲ್ವಾ?

ಸ್ಪ್ರೇಗೆ ಗುರಿಯ ತಲೆಬಿಸಿ ಅಷ್ಟಿಲ್ಲ. ಬರುವ ಕರಡಿಗೂ ನಿಮಗೂ ಮಧ್ಯೆ ಖಾರದ ಮೋಡ ನಿಲ್ಲಿಸಿದರೆ ಆಯಿತು. ಕಿತ್ತಳೆ ಬಣ್ಣದ ಮೋಡ ಅದು, ಕರಡಿ ಅದರೊಳಗೆ ನುಗ್ಗಿದ ಕೂಡಲೇ ಕಣ್ಣು, ಮೂಗು, ಗಂಟಲು ಎಲ್ಲ ಉರಿ ಹತ್ತುತ್ತದೆ. ಒಳಗಿರುವುದು ನಮ್ಮ ಮೆಣಸಿನಕಾಯಿಯ ಖಾರವೇ, ಕ್ಯಾಪ್ಸೈಸಿನ್.

ಬಳಸುವ ಕ್ರಮ ಹೇಳಿಬಿಡುತ್ತೇನೆ, ಯಾಕೆಂದರೆ ಕೊಂಡವರಲ್ಲಿ ಬಹಳ ಜನ ಇದನ್ನು ಮಾಡಿಯೇ ನೋಡಿರುವುದಿಲ್ಲ. ಹೊಸ ಡಬ್ಬಿಯ ಕ್ಲಿಪ್ಪಿಗೆ ಪ್ಲಾಸ್ಟಿಕ್ ಟೈ ಕಟ್ಟಿದ್ದರೆ ಮನೆಯಲ್ಲೇ ಕತ್ತರಿಸಿ. ಹಿಡಿಕೆಯೊಳಗೆ ಬೆರಳು ತೂರಿಸಿ ಗಟ್ಟಿಯಾಗಿ ಹಿಡಿದು, ಹೆಬ್ಬೆರಳಿನಿಂದ ಸೇಫ್ಟಿ ಕ್ಲಿಪ್ಪನ್ನು ಹಿಂದಕ್ಕೆ ಎಳೆದು ತೆಗೆಯಬೇಕು. ಕರಡಿ ಸುಮಾರು 30 ಅಡಿಗೆ ಬಂದಾಗ, ಅದರ ಮುಖಕ್ಕಿಂತ ಸ್ವಲ್ಪ ಕೆಳಗೆ ಗುರಿ ಇಟ್ಟು ಒತ್ತಿ. ಮೋಡ ಮೇಲೇಳುತ್ತದೆ, ಕರಡಿ ತಲೆ ತಗ್ಗಿಸಿ ಬರುತ್ತದೆ, ಎರಡೂ ಸರಿಯಾಗಿ ಸೇರುತ್ತವೆ. ಇಡೀ ಡಬ್ಬಿ ಕೆಲವೇ ಸೆಕೆಂಡಿನಲ್ಲಿ ಖಾಲಿ, ಹಾಗಾಗಿ ಒಂದೇ ಸಲಕ್ಕೆ ಪೂರ್ತಿ ಬಿಡಬೇಡಿ, ಒಂದೆರಡು ಸೆಕೆಂಡು ಒತ್ತಿ ನೋಡಿ. ಖಾರ ಇಲ್ಲದ ಅಭ್ಯಾಸದ ಡಬ್ಬಿ ಬೇರೆ ಸಿಗುತ್ತದೆ, ಅದನ್ನೊಂದು ಕೊಂಡು ಮೈದಾನದಲ್ಲಿ ಖಾಲಿ ಮಾಡಿ. ಕೈಗೆ ಅದು ರೂಢಿಯಾಗಬೇಕು. ಬ್ಯಾಗಿನೊಳಗೆ ಇಟ್ಟ ಸ್ಪ್ರೇ ಇದ್ದೂ ಇಲ್ಲದ ಹಾಗೆ, ಸೊಂಟಕ್ಕೋ ಎದೆಯ ಪಟ್ಟಿಗೋ ಕಟ್ಟಿಕೊಳ್ಳಿ.

ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ ಪ್ರಸಂಗಗಳನ್ನು ಸಂಶೋಧಕರು ನೋಡಿದ್ದಾರೆ. ಕಂದು ಕರಡಿಗಳ ಮೇಲೆ ಬಳಸಿದಾಗ 92% ಸಲ ಕರಡಿ ತನ್ನ ಆಟ ನಿಲ್ಲಿಸಿದೆ, ಕಪ್ಪು ಕರಡಿಯಾದರೆ 90%. ಹತ್ತಿರದಿಂದ ಕರಡಿ ಎದುರಿಸಿ ಸ್ಪ್ರೇ ಇಟ್ಟುಕೊಂಡಿದ್ದವರಲ್ಲಿ 98% ಜನಕ್ಕೆ ಗಾಯವೇ ಆಗಿಲ್ಲ. ಗನ್ನಿನ ಬಗ್ಗೆ 2012ರಲ್ಲಿ ಬಂದ ಅಧ್ಯಯನ 269 ಪ್ರಸಂಗಗಳದ್ದು: ಕೈಪಿಸ್ತೂಲು 84% ಸಲ ಕರಡಿಯನ್ನು ತಡೆದಿದೆ, ಉದ್ದ ಕೋವಿ 76% ಸಲ. ಅದಕ್ಕಿಂತ ಮುಖ್ಯ, ಗನ್ ಹಾರಿಸಿದವರಿಗೂ ಹಾರಿಸದವರಿಗೂ ಆದ ಗಾಯದಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಪೂರ್ತಿ ಸರಿಯಲ್ಲ ಅನ್ನುವವರ ಮಾತಿನಲ್ಲೂ ನ್ಯಾಯ ಇದೆ, ಸ್ಪ್ರೇ ಲೆಕ್ಕದಲ್ಲಿ ಸುಮ್ನೆ ಮೂಸಿ ನೋಡಲು ಬಂದ ಕರಡಿಗಳೂ ಸೇರಿವೆ. ಆದರೂ ನನ್ನ ಮನಸ್ಸು ಬದಲಾಗಲಿಲ್ಲ.

ಗಾಳಿ ಎದುರಿಗಿದ್ದರೆ ನಿಮಗೂ ಖಾರ ತಪ್ಪಿದ್ದಲ್ಲ. ಆ ಸ್ಪ್ರೇ ಅಧ್ಯಯನದಲ್ಲೇ 14% ಪ್ರಸಂಗಗಳಲ್ಲಿ ಬಳಸಿದವರಿಗೇ ಸ್ವಲ್ಪವೋ ಜಾಸ್ತಿಯೋ ಉರಿ ತಗುಲಿದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಡಬ್ಬಿ ಬಿಡಬೇಡಿ, 49 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಡೆಯಬಹುದು. ಸೊಳ್ಳೆ ಔಷಧಿ ಥರ ಟೆಂಟಿಗೆ ಹೊಡೆಯಲೇಬೇಡಿ, ಒಣಗಿದ ಮೇಲೆ ಆ ವಾಸನೆಗೆ ಕರಡಿ ಹತ್ತಿರ ಬರುವುದೂ ಉಂಟು.

ಈಗ ಕಾನೂನು. ಇದನ್ನು ನಮ್ಮವರು ಗಮನ ಇಟ್ಟು ಓದಿ. 2010ರ ಫೆಬ್ರವರಿ 22ರಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ, ಆಯಾ ರಾಜ್ಯದ ಕಾನೂನು ಒಪ್ಪಿದರೆ, ಗನ್ ಇಟ್ಟುಕೊಂಡು ಓಡಾಡಬಹುದು. ವಿಸಿಟರ್ ಸೆಂಟರಿನಂಥ ಸರ್ಕಾರಿ ಕಟ್ಟಡದೊಳಗೆ ಮಾತ್ರ ಒಯ್ಯುವ ಹಾಗಿಲ್ಲ. ಆದರೆ ನೀವು ಎಚ್1ಬಿ (ಕೆಲಸದ್ದು), ಎಫ್1 (ಓದಿನದ್ದು) ಥರದ ವೀಸಾದಲ್ಲಿದ್ದರೆ, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಗನ್ ಇರಲಿ ಒಂದು ತೋಟಾ ಇಟ್ಟುಕೊಳ್ಳುವುದೂ ಫೆಡರಲ್ ಅಪರಾಧ. ಗೆಳೆಯನ ಪಿಸ್ತೂಲನ್ನು "ಸ್ವಲ್ಪ ಹೊತ್ತು ಹಿಡ್ಕೋ" ಅಂದರೂ ಹಿಡಿಯಬೇಡಿ. ಕೆಲಸ, ವೀಸಾ, ಮನೆ ಎಲ್ಲಕ್ಕೂ ಕುತ್ತು.

ಅಮೆರಿಕದ ಪೌರರಾದವರಿಗೂ ದಾರಿ ಸಲೀಸಲ್ಲ. ಅಮೆರಿಕದ ಪೂರ್ವ ಭಾಗದ ಉದ್ದನೆಯ ಕಾಲುದಾರಿ ಅಪಲೇಚಿಯನ್ ಟ್ರೇಲ್ 14 ರಾಜ್ಯ ದಾಟುತ್ತದೆ, ಸುಮಾರು 3,500 ಕಿಲೋಮೀಟರ್. ಒಂದು ರಾಜ್ಯದ ಪರ್ಮಿಟ್ ನ್ಯೂಜೆರ್ಸಿ, ನ್ಯೂಯಾರ್ಕ್‌ನಲ್ಲಿ ನಡೆಯುವುದಿಲ್ಲ. ಟ್ರೇಲ್ ನೋಡಿಕೊಳ್ಳುವ ಸಂಸ್ಥೆಯಾದ ಕನ್ಸರ್ವೆನ್ಸಿ ಕೂಡ ಗನ್ ತರಬೇಡಿ ಅಂತಲೇ ಹೇಳುತ್ತದೆ. ಅಲ್ಲಿ ಗ್ರಿಜ್ಲಿಯೇ ಇಲ್ಲ, ಇರುವುದು ಕಪ್ಪು ಕರಡಿ, ಅದಕ್ಕೆ ಬೇಕಾಗಿರುವುದು ನಿಮ್ಮ ಊಟ. ಆ ದಾರಿಗೆ ಊಟ ಇಡುವ ಗಟ್ಟಿ ಬೇರ್ ಕ್ಯಾನಿಸ್ಟರ್ ಕೊಳ್ಳಿ, ಉಪಯೋಗ ಜಾಸ್ತಿ. ತೋಟಾ ತುಂಬಿದ ದೊಡ್ಡ ರಿವಾಲ್ವರ್ ಒಂದು ಕಿಲೋಗೂ ಮೇಲೆ ತೂಗುತ್ತದೆ, ಅಷ್ಟು ತೂಕಕ್ಕೆ ಕ್ಯಾನಿಸ್ಟರೇ ಬರುತ್ತದೆ.

ಕರಡಿಗಲ್ಲ, ಮನುಷ್ಯರ ಭಯಕ್ಕೆ ಗನ್ ಬೇಕು ಅನ್ನುವವರಿದ್ದಾರೆ, ಒಬ್ಬಂಟಿಯಾಗಿ ನಡೆಯುವ ಹೆಣ್ಣುಮಕ್ಕಳ ಆ ಭಯ ಸುಳ್ಳಲ್ಲ. ಅವರಿಗೂ ನಾನು ಹೇಳುವುದು ಉಪಗ್ರಹದ ಮೂಲಕ ಮೆಸೇಜು ಕಳಿಸುವ ಸಣ್ಣ ಯಂತ್ರ, ಮತ್ತು ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆ ರಾತ್ರಿ ಎಲ್ಲಿ ಉಳಿಯುತ್ತೇನೆ ಅಂತ ಹೇಳದೇ ಇರುವುದು. ಗನ್ ಹಾಕಿಕೊಂಡು ಟೆಂಟಿನಲ್ಲಿ ನಿದ್ದೆ ಮಾಡುವುದು, ನೆನೆದ ಬಟ್ಟೆ ಬದಲಿಸುವುದು, ಹತ್ತು ಜನ ಮಲಗುವ ಶೆಲ್ಟರಿನಲ್ಲಿ ಅದನ್ನು ಕಾಯುವುದು, ಇದೆಲ್ಲ ತಿಂಗಳುಗಟ್ಟಲೆ ಆಗುವ ಕೆಲಸವಲ್ಲ.

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರು ಈ ಡಬ್ಬಿ ಕೊಳ್ಳಬೇಡಿ, ಅಲ್ಲಿ ಕರಡಿ ಸ್ಪ್ರೇಗೆ ಅನುಮತಿ ಇಲ್ಲ. ವಿಮಾನದಲ್ಲಂತೂ ಕೈಚೀಲಕ್ಕೂ ಇಲ್ಲ, ಚೆಕ್ ಇನ್ ಬ್ಯಾಗಿಗೂ ಇಲ್ಲ. ಹಾಗಾಗಿ ಇಳಿದ ಊರಿನಲ್ಲೇ ಕೊಳ್ಳಿ, ಡಬ್ಬಿಯ ಮೇಲಿನ ಅವಧಿ ದಿನಾಂಕ ನೋಡಿ, ಸಾಮಾನ್ಯವಾಗಿ ನಾಲ್ಕು ವರ್ಷ ಬರುತ್ತದೆ. ವಾಪಸ್ ಬರುವಾಗ ಅವಧಿ ಉಳಿದಿದ್ದು ಬಳಸಿಲ್ಲದಿದ್ದರೆ, ಆಗಷ್ಟೇ ನಡೆಯಲು ಹೊರಟವರಿಗೆ ಕ್ಲಿಪ್ ತೆಗೆಯುವುದು ಹೇಗೆ ಅಂತ ತೋರಿಸಿ ಕೊಟ್ಟುಬಿಡಿ.