ದೋಣಿ ಚೆನ್ನ, ಇಳಿಯುವ ಮೆಟ್ಟಿಲು ಅಪಾಯ

ಕಳೆದ ಭಾನುವಾರ ಅಮ್ಮನನ್ನು ಕರೆದುಕೊಂಡು ಕಾವೇರಿಯ ಒಂದು ಕಡವಿನಲ್ಲಿ ಮೋಟಾರು ದೋಣಿ ಹತ್ತಿದ್ದೆ. ಕೊಡಗಿನೊಳಗಿನದೇ, ಹೆಸರು ಬೇಡ. ಅಮ್ಮನಿಗೆ 72, ಎರಡೂ ಮಂಡಿ ನೋವು. ನಾನು ಸೋಮವಾರಪೇಟೆ ಕಡೆ ತಡೆಗೋಡೆ, ಮೆಟ್ಟಿಲು ಕಟ್ಟಿಸುವ ಕೆಲಸದವನು. ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ದೋಣಿಯ ಬಗ್ಗೆ ದೂರಿಲ್ಲ. ಪಕ್ಕದಲ್ಲಿ ನೋಂದಣಿ ಸಂಖ್ಯೆ ದಪ್ಪಗೆ ಬರೆದಿದ್ದಾರೆ. ಎಲ್ಲರೂ ಲೈಫ್ ಜಾಕೆಟ್ ಬಕಲ್ ಹಾಕುವ ತನಕ ಎಂಜಿನ್ ಚಾಲೂ ಮಾಡಲಿಲ್ಲ.

ಇಳಿಯುವಾಗ ಜೀವ ಬಾಯಿಗೆ ಬಂತು. ಕೊನೆಯ ಮೂರು ಮೆಟ್ಟಿಲಿಗೆ ಪಾಚಿ. ಕಟ್ಟಕಡೆಯದರ ಮೂಲೆ ಒಡೆದು, ತುಕ್ಕು ಹಿಡಿದ ಕಂಬಿ ಬೆರಳುದ್ದ ಹೊರಗೆ ಬಂದಿದೆ. ದೋಣಿಗೂ ಮೆಟ್ಟಿಲಿಗೂ ನಡುವೆ ಒಂದು ಮೊಳ ಅಂತರ. ಹಗ್ಗ ಕಟ್ಟಲು ಗೂಟವಿಲ್ಲ, ಮರದ ಬೇರಿಗೆ ಸುತ್ತಿದ್ದಾರೆ. ಕಾಲೆತ್ತಿದ ಕೂಡಲೇ ದೋಣಿ ಹಿಂದಕ್ಕೆ ಸರಿಯುತ್ತದೆ. ಅಂಬಿಗ ನೀರಿಗಿಳಿದು, ದೋಣಿಯನ್ನು ತೊಡೆಯಿಂದ ಒತ್ತಿ ಹಿಡಿದು, "ಬಲಗಾಲು ಇಡಿ ಅಮ್ಮಾ, ನನ್ನ ಭುಜ ಹಿಡ್ಕೊಳ್ಳಿ" ಅಂದ. ಅಮ್ಮ ದಾಟಿದ್ದು ಆ ಭುಜದ ಆಧಾರದಲ್ಲಿ.

ಮನೆಗೆ ಬಂದು ನಿಯಮ ಓದಿದೆ. 2021ರ ಒಳನಾಡು ಹಡಗು ಕಾಯ್ದೆಯಲ್ಲಿ ಯಂತ್ರದ ದೋಣಿಗೆ ನೋಂದಣಿ, ತಪಾಸಣೆ, ವಿಮೆ ಎಲ್ಲ ಇದೆ. ಜೆಟ್ಟಿ, ಟರ್ಮಿನಲ್ ಕಟ್ಟುವುದಕ್ಕೂ 2025ರಲ್ಲಿ ಕೇಂದ್ರದ ನಿಯಮ ಬಂದಿದೆ. ಖಾಸಗಿಯವರೂ ಕಟ್ಟಬಹುದು, ಆದರೆ ಒಳನಾಡು ಜಲಮಾರ್ಗ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ತಾತ್ಕಾಲಿಕ ಟರ್ಮಿನಲ್‌ಗೆ ಮೊದಲ ಸಲ ಅನುಮತಿ 5 ವರ್ಷಕ್ಕೆ. 2025ರ ಈ ನಿಯಮ ರಾಷ್ಟ್ರೀಯ ಜಲಮಾರ್ಗಗಳಿಗೆ ಮಾತ್ರ. 2016ರ ಕಾಯ್ದೆಯ 111 ಜಲಮಾರ್ಗಗಳಲ್ಲಿ ನಮ್ಮ ಕಬಿನಿ, ಶರಾವತಿ, ಕಾಳಿ ಇವೆ. ಕಾವೇರಿಯಲ್ಲಿ ಸೇರಿರುವುದು ತಮಿಳುನಾಡಿನ ಭಾಗ. ತಲಕಾವೇರಿಯಲ್ಲಿ ಹುಟ್ಟುವ ನದಿಗೆ ಹುಟ್ಟೂರಿನಲ್ಲಿ ಆ ನಿಯಮ ತಾಗುವುದಿಲ್ಲ ಅನ್ನುವುದು ನನಗೆ ಬಹಳ ಬೇಸರ ತಂದಿತು. ದೋಣಿಯನ್ನು ತಪಾಸಣೆ ಮಾಡುವಷ್ಟೇ ಕಟ್ಟುನಿಟ್ಟಾಗಿ ಕಾಲಿಡುವ ಜಾಗವನ್ನೂ ತಪಾಸಣೆ ಮಾಡಬೇಕು. ಜನ ಜಾರುವುದು ಅಲ್ಲೇ.

ಇಲ್ಲಿ ಕಾಂಕ್ರೀಟ್ ಮೆಟ್ಟಿಲೊಂದೇ ಸಾಲದು. ಮಾರ್ಚ್‌ನಲ್ಲಿ ಬಂಡೆ ಕಾಣುವ ಹೊಳೆ ಜುಲೈಯಲ್ಲಿ ದಡ ಮುಟ್ಟುತ್ತದೆ. ನೀರಿನ ಜೊತೆ ಏರಿಳಿಯುವ ತೇಲುಕಟ್ಟೆ, ದಡದ ಕಡೆ ತಿರುಗಣೆ ಇರುವ ಹಲಗೆ, ಎರಡೂ ಬದಿ ಹಿಡಿಕೆ ಬೇಕು. ಮಳೆಗಾಲಕ್ಕೆ ಮುಂಚೆ ಬಿಚ್ಚಿ ಮೇಲಿಡುವಂತಿರಬೇಕು.

ದೋಣಿಗೆ ಐದರಲ್ಲಿ ನಾಲ್ಕು, ಅಂಬಿಗನಿಗೆ ಐದಕ್ಕೆ ಐದು, ಮೆಟ್ಟಿಲಿಗೆ ಒಂದು. ಆ ಕಂಬಿ ಕತ್ತರಿಸಿ ಮೂಲೆ ತುಂಬುವುದು ಅರ್ಧ ದಿನದ ಕೆಲಸ. ಕೂಲಿ ಬೇಡ, ನಾನೇ ಬಂದು ಮಾಡಿಕೊಡುತ್ತೇನೆ ಅಂತ ಟಿಕೆಟ್ ಕೌಂಟರಿನಲ್ಲಿ ನಂಬರು ಬರೆದುಕೊಟ್ಟು ಬಂದಿದ್ದೇನೆ. ಅಲ್ಲಿಯವರೆಗೆ ಮಂಡಿ ನೋವಿನವರು ಈ ದಡದಿಂದಲೇ ಹೊಳೆ ನೋಡಿ.