ಹೊಟ್ಟೆಯ ತೊಂದರೆಗೆ ಸೋನೋಗ್ರಫಿಯೋ, ಎಂಡೋಸ್ಕೋಪಿಯೋ?

ಡೊಂಬಿವಲಿಯ ನಮ್ಮ ಮಾವ ನಾಲ್ಕು ತಿಂಗಳು ಗ್ಯಾಸಿನ ಮಾತ್ರೆ ನುಂಗುತ್ತಲೇ ಇದ್ದರು. ಎರಡು ಇಡ್ಲಿಯಲ್ಲಿ ಒಂದನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು. ಬೆಲ್ಟಿಗೆ ಹೊಸ ತೂತು ಬಿತ್ತು. ಸೋನೋಗ್ರಫಿ ನಾರ್ಮಲ್ ಬಂತು ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು. ಅದೇ ನಮ್ಮ ತಪ್ಪು, ಜಠರದ ಕ್ಯಾನ್ಸರ್ ಇಲ್ಲ ಎಂದು ಸೋನೋಗ್ರಫಿ ಒಂದರಿಂದಲೇ ಹೇಳಲಾಗದು.

ಸೋನೋಗ್ರಫಿ ಸುಲಭ, ನೋವಿಲ್ಲ, ಖರ್ಚೂ ಕಡಿಮೆ. ಪಿತ್ತಕೋಶದ ಕಲ್ಲು, ಲಿವರ್ ನೋಡಲು ಒಳ್ಳೆಯದು. ಆದರೆ ಜಠರದಲ್ಲಿ ಗಾಳಿ ಇರುತ್ತದೆ ಅಲ್ವಾ, ಅದನ್ನು ದಾಟಿ ಸೋನೋಗ್ರಫಿಯ ಶಬ್ದದ ಅಲೆಗಳು ಸರಿಯಾಗಿ ಹೋಗುವುದಿಲ್ಲ. ಒಳಪದರದ ಸಣ್ಣ ಹುಣ್ಣು ಕಾಣುವುದು ಕಷ್ಟ.

ಎಂಡೋಸ್ಕೋಪಿ ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ತೆಳು ನಳಿಕೆ ಇಳಿಸಿ ಜಠರದ ಒಳಗೆ ನೋಡುವುದು. ಅದಕ್ಕೆ ಜನ ಸುಮ್ನೆ ಹೆದರುತ್ತಾರೆ. 6ರಿಂದ 8 ಗಂಟೆ ಖಾಲಿ ಹೊಟ್ಟೆ, ಗಂಟಲು ಮರಗಟ್ಟಿಸುವ ಸ್ಪ್ರೇ, ಬೇಕಾದರೆ ಮಂಪರಿನ ಇಂಜೆಕ್ಷನ್. ಸಾಮಾನ್ಯವಾಗಿ 10-15 ನಿಮಿಷದ ಕೆಲಸ. ಕ್ಯಾಮೆರಾ ಒಳಪದರವನ್ನೇ ತೋರಿಸುತ್ತದೆ. ಸಂಶಯ ಬಂದ ಜಾಗದಿಂದ ಆಗಲೇ ಚೂರು ತೆಗೆದು ಬಯಾಪ್ಸಿಗೆ, ಅಂದರೆ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳಿಸುತ್ತಾರೆ. ಜಠರದಲ್ಲಿ ಹುಣ್ಣು ತರಬಲ್ಲ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಇದೆಯೇ ಎಂದೂ ನೋಡಬಹುದು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ಆ ಚೂರೇ.

ಸಿಟಿ ಸ್ಕ್ಯಾನ್ ಆಮೇಲಿನ ಮಾತು, ರೋಗ ಎಲ್ಲಿವರೆಗೆ ಹರಡಿದೆ ಎಂದು ತಿಳಿಯಲು.

ತೂಕ ಇಳಿಯುತ್ತಿದೆಯಾ? ಮಲ ಡಾಂಬರಿನಂತೆ ಕಪ್ಪಾಗಿದೆಯಾ? ನುಂಗಲು ಕಷ್ಟವಾ? ಹಾಗಿದ್ದರೆ ಕಾಯಬೇಡಿ, ಎಂಡೋಸ್ಕೋಪಿ ಬಗ್ಗೆಯೇ ವೈದ್ಯರನ್ನು ಕೇಳಿ. ಆಸಿಡ್ ಇಳಿಸುವ ಮಾತ್ರೆ ಕ್ಯಾನ್ಸರಿನ ಲಕ್ಷಣವನ್ನೂ ಸ್ವಲ್ಪ ದಿನ ಅಡಗಿಸಬಹುದು, ಹಾಗಾಗಿ ತಿನ್ನುತ್ತಿರುವ ಮಾತ್ರೆಗಳ ಹೆಸರು ಮೊದಲೇ ಹೇಳಿ. ಮುಂದೆ ಮುಂಬೈಯ ಪರೇಲಿನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ಗೆ ಹೋಗುವುದಾದರೆ ರಿಪೋರ್ಟ್ ಜೊತೆ ಬಯಾಪ್ಸಿಯ ಸ್ಲೈಡ್ (ಚೂರಿನ ತೆಳು ಪದರ ಇರುವ ಗಾಜು), ಬ್ಲಾಕ್ (ಚೂರನ್ನು ಮೇಣದಲ್ಲಿ ಇಟ್ಟ ತುಂಡು) ಕೂಡ ಕೇಳಿ ಪಡೆದು ಒಯ್ಯಿರಿ.