ಮುಯ್ಯಾಳೋ, ಬಾಡಿಗೆ ಟ್ರ್ಯಾಕ್ಟರೋ: ನಾನು ಬಳಸಿದ ಎರಡು ರೆಂಡರ್ ಸೇವೆಗಳು

ಪುಣೆಯ ಕೋಥ್ರೂಡಿನಲ್ಲಿರುವ ಮನೆಯೇ ನನ್ನ ಆಫೀಸು. ಇನ್ನೂ ಕಟ್ಟದ ಫ್ಲ್ಯಾಟಿನೊಳಗೆ ಓಡಾಡಿ ಬಂದಂಥ ವಿಡಿಯೊಗಳನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿ ಬಿಲ್ಡರ್‌ಗಳಿಗೆ ಕೊಡುತ್ತೇನೆ. ಮೂವತ್ತು ಸೆಕೆಂಡಿನ ವಿಡಿಯೊ ಅಂದರೆ 720 ಫ್ರೇಮು. ಒಂದನ್ನು ಪೂರ್ತಿ ಚಿತ್ರವಾಗಿ ಮೂಡಿಸಲು, ಅಂದರೆ ರೆಂಡರ್ ಮಾಡಲು, ಆರು ನಿಮಿಷದಂತೆ ನನ್ನ ಪಿಸಿ ಮೂರು ಹಗಲು ಮೂರು ರಾತ್ರಿ ಗೊರಗುಟ್ಟಬೇಕು. ನಡುವೆ ಗುರುವಾರ ಬಂದರೆ ರಿಪೇರಿ ಹೆಸರಲ್ಲಿ ಕರೆಂಟೂ ಇಲ್ಲ.

ಮೊದಲು ಹಿಡಿದದ್ದು ಶೀಪ್‌ಇಟ್. ದುಡ್ಡು ಕೊಡಬೇಕಿಲ್ಲ. ನನ್ನ ಪಿಸಿ ಖಾಲಿ ಇದ್ದಾಗ ಯಾರದೋ ಫ್ರೇಮು ರೆಂಡರ್ ಮಾಡಿಕೊಟ್ಟರೆ ಪಾಯಿಂಟು ಸೇರುತ್ತದೆ. ನನ್ನ ಕೆಲಸ ಬಂದಾಗ ಎಲ್ಲೆಲ್ಲಿಯದೋ ಪಿಸಿಗಳು ನನ್ನ ಫ್ರೇಮುಗಳನ್ನು ಹಂಚಿಕೊಳ್ಳುತ್ತವೆ. ಒಂದು ಪಿಸಿ ಅರ್ಧಕ್ಕೇ ಬಂದ್ ಆದರೆ ಆ ಫ್ರೇಮು ಇನ್ನೊಂದಕ್ಕೆ ಹೋಗುತ್ತದೆ.

ಮೇಲಿನ ಮಹಡಿಯ ಕಾಕಾ ಬೆಳಗಾವಿ ಕಡೆಯವರು, ಸಂಶೋಧನಾ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಚಹಾ ಹಿಡಿದು ಸ್ಕ್ರೀನ್ ಇಣುಕಿ ನಕ್ಕರು. "ಇದು ಮುಯ್ಯಾಳಿನ ಲೆಕ್ಕ ಅಲ್ಲೇನೋ ತಮ್ಮಾ? ಇವತ್ತ ನಿನ್ನ ಹೊಲಕ್ಕ ನಾ, ನಾಳೆ ನನ್ನ ಹೊಲಕ್ಕ ನೀ. ಗ್ರಿಡ್ಡಿನ ಸಣ್ಣ ತಮ್ಮ ಇದು."

ದೊಡ್ಡ ಅಣ್ಣನ, ಅಂದರೆ ಬೇರೆ ಬೇರೆ ಸಂಸ್ಥೆಗಳ ಕಂಪ್ಯೂಟರುಗಳನ್ನು ಜೋಡಿಸಿದ ಗ್ರಿಡ್ ಜಾಲದ ಕಥೆಯನ್ನೂ ಹೇಳಿದರು. ನಮ್ಮ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ದೇಶದ ಸಂಶೋಧನಾ ಸಂಸ್ಥೆಗಳ ಯಂತ್ರಗಳನ್ನು ಜೋಡಿಸಿ 'ಗರುಡ' ಗ್ರಿಡ್ ಕಟ್ಟಿತ್ತು. ಯುರೋಪಿನ ಸರ್ನ್ ಪ್ರಯೋಗಾಲಯದ ಕಣ ಪ್ರಯೋಗಗಳ ದತ್ತಾಂಶ ಅರೆಯುವ ಗ್ರಿಡ್ಡಿನಲ್ಲಿ ಮುಂಬೈಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಕೂಡ ಇದೆ. ಅಲ್ಲಿ ಅವರವರ ಯಂತ್ರ ಅವರವರದೇ, ಒಪ್ಪಂದದ ಮೇಲೆ ಹಂಚಿಕೆ. ಕೆಲಸ ಕೊಟ್ಟು ಸರದಿಯಲ್ಲಿ ಕಾಯಬೇಕು. "ಗ್ರಿಡ್ಡಿನೊಳಗ ಬಿಡೋ ಗುರುತಿನ ಸರ್ಟಿಫಿಕೇಟ್ ಹನ್ನೆರಡು ತಾಸಿಗೆ ಮುಗೀತಿತ್ತು. ಮುಂಜಾನೆ ಬಂದು ನೋಡಿದ್ರ ಕೆಲಸ ಸತ್ತು ಬಿದ್ದಿರ್ತಿತ್ತು!" ಈ ಮಾತು ಹೇಳುವಾಗ ಕಾಕಾನ ಮುಖದಲ್ಲಿ ಇಪ್ಪತ್ತು ವರ್ಷದ ಹಿಂದಿನ ಸಿಟ್ಟು ಹಾಗೇ ಇತ್ತು.

ಶೀಪ್‌ಇಟ್‌ನಲ್ಲಿ ನನಗೆ ಎರಡು ತೊಡಕು. ಫೈಲು ಗುರುತಿಲ್ಲದವರ ಪಿಸಿಗಳಿಗೆ ಹೋಗುತ್ತದೆ ಅಂದಕೂಡಲೇ ಬಿಲ್ಡರ್ "ಬೇಡವೇ ಬೇಡ" ಅಂದ. ಇನ್ನೊಂದು, ಎಷ್ಟೊತ್ತಿಗೆ ಮುಗಿಯುತ್ತದೆ ಅಂತ ಯಾರೂ ಭರವಸೆ ಕೊಡುವುದಿಲ್ಲ. ಸೋಮವಾರ ಬೆಳಿಗ್ಗೆ ವಿಡಿಯೊ ಕೇಳುವವನಿಗೆ ಪಾಯಿಂಟಿನ ಕಥೆ ಹೇಳಿದರೆ ನಡೆಯುತ್ತದೆಯೇ?

ಹಾಗಾಗಿ ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಯಂತ್ರಗಳು. ಕಂಪನಿಯ ಹೆಸರು ಬೇಡ. ಯಂತ್ರಗಳೆಲ್ಲ ಒಬ್ಬನೇ ಧಣಿಯವು, ಗಂಟೆಗೆ ಇಷ್ಟು ಅಂತ ಬಾಡಿಗೆ, ಕಾಕಾನ ಭಾಷೆಯಲ್ಲಿ ಬಾಡಿಗೆ ಟ್ರ್ಯಾಕ್ಟರು. 2006ರಲ್ಲಿ ಅಮೆಜಾನ್ ಶುರುಮಾಡಿದ ಗಂಟೆ ಬಾಡಿಗೆಯ ಪದ್ಧತಿ ಇದೇ. ನನಗೆ ಸಿಕ್ಕಿದ, ಜಿಪಿಯು (ಚಿತ್ರದ ಲೆಕ್ಕ ಬೇಗ ಮಾಡುವ ಚಿಪ್) ಇರುವ ಯಂತ್ರಕ್ಕೆ ಗಂಟೆಗೆ 90 ರೂಪಾಯಿ, ಫ್ರೇಮಿಗೆ ಒಂದೂವರೆ ನಿಮಿಷ. ಒಂದೇ ಯಂತ್ರಕ್ಕೆ ಹದಿನೆಂಟು ಗಂಟೆಯ ಕೆಲಸ, 1,620 ರೂಪಾಯಿ. ನಾಲ್ಕು ತಗೊಂಡರೆ ನಾಲ್ಕೂವರೆ ಗಂಟೆ, ದುಡ್ಡು ಮಾತ್ರ ಅಷ್ಟೇ! ನನಗೆ ತುಂಬ ಹಿಡಿಸಿದ್ದು ಈ ಲೆಕ್ಕ. ಆದರೆ ಹೊಸ ಖಾತೆಗೆ ನಾಲ್ಕು ಯಂತ್ರ ಕೊಡಲು ಅವರು ಎರಡು ದಿನ ಕಾಯಿಸಿದರು. ಸರದಿ ಇಲ್ಲ ಅನ್ನುವ ಜಾಹೀರಾತು ನೋಡಿ ಸೇರಿದ್ದೆ.

ಹೊಡೆತ ಬಿದ್ದದ್ದು ಗಣೇಶ ವಿಸರ್ಜನೆಯ ದಿನ. ಲಕ್ಷ್ಮೀ ರಸ್ತೆಯಲ್ಲಿ ಢೋಲ್ ನೋಡುತ್ತ ನಿಂತವನಿಗೆ ಒಂದು ಯಂತ್ರ ಆಫ್ ಮಾಡುವುದು ಮರೆತೇ ಹೋಗಿತ್ತು. ಮೂವತ್ತು ಗಂಟೆ ಸುಮ್ಮನೆ ಓಡಿತು. ಜಿಎಸ್‌ಟಿ ಸೇರಿ 3,186 ರೂಪಾಯಿ. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಆಫ್ ಮಾಡಿದ ಮೇಲೂ ಡಿಸ್ಕಿನ ಬಾಡಿಗೆ ಓಡುತ್ತಲೇ ಇರುತ್ತದೆ ಅಂತ ಗೊತ್ತಾದದ್ದು ಮುಂದಿನ ತಿಂಗಳ ಬಿಲ್ಲಿನಲ್ಲಿ.

"ಕರೆಂಟಿನ ಗ್ರಿಡ್ಡಿನಂಗ ಸಿಗಬೇಕು ಅಂತ ಗ್ರಿಡ್ ಅಂದ್ರು. ಮೀಟರ್ ಕೂಡಿಸಿದವರು ಮಾತ್ರ ಕ್ಲೌಡಿನವರು," ಅಂದರು ಕಾಕಾ. ಕೆಲಸವನ್ನು ತುಂಡು ಮಾಡಿ ಹಂಚುವುದು ಎರಡರಲ್ಲೂ ಒಂದೇ. ತುಂಡಾಗದ ಕೆಲಸಕ್ಕೆ ಎರಡೂ ಉಪಯೋಗವಿಲ್ಲ: ಈಜುಕೊಳದ ನೀರಿನ ಸಿಮ್ಯುಲೇಶನ್‌ನಲ್ಲಿ ಪ್ರತಿ ಫ್ರೇಮಿಗೂ ಹಿಂದಿನ ಫ್ರೇಮಿನ ಲೆಕ್ಕ ಬೇಕು. ನಾಲ್ಕು ಯಂತ್ರ ಬಾಡಿಗೆಗೆ ತಂದು ಮೂರನ್ನು ಸುಮ್ಮನೆ ಕೂರಿಸಿದ್ದೂ ಆಯಿತು.

ಈಗ ಬಿಲ್ಡರ್‌ಗಳ ಕೆಲಸ ಕ್ಲೌಡಿಗೆ, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು. ಐದಕ್ಕೆ ಮೂರು ಸ್ಟಾರ್. ನನ್ನ ಖುಷಿಗೆ ಮಾಡುವ, ಹಳೆ ಹುಬ್ಬಳ್ಳಿಯ ಓಣಿಯ ಚಿತ್ರಗಳು ಶೀಪ್‌ಇಟ್‌ಗೆ. ಅದಕ್ಕೆ ನಾಲ್ಕು. ಗುರುವಾರ ಬಿಟ್ಟು ದಿನಾ ರಾತ್ರಿ ನನ್ನ ಪಿಸಿ ಯಾರದೋ ಮುಯ್ಯಿ ತೀರಿಸುತ್ತಿರುತ್ತದೆ.